ಆರನೇ ಮನೆ ಬಿಡಬೇಕೆ, ಕಾಯಿ ಎತ್ತಬೇಕೆ? ಆ್ಯಂಕರ್ ಎದುರಿನ 3-1

ಇದು ಬ್ಯಾಕ್‌ಗ್ಯಾಮನ್ ಆಟದ ಒಂದು ಸ್ಥಿತಿ. ತನ್ನ ಕಾಯಿಗಳನ್ನೆಲ್ಲ ಮೊದಲು ಬೋರ್ಡಿನಿಂದ ಹೊರಗೆ ಎತ್ತಿದವರಿಗೆ ಗೆಲುವು. ಬಿಳಿ ಕಾಯಿ ನಮ್ಮದು, ಕಪ್ಪು ಎದುರಾಳಿಯದು. ನಮ್ಮ 15 ಕಾಯಿಗಳಲ್ಲಿ 5 ಆಗಲೇ ಬೋರ್ಡಿನಿಂದ ಹೊರಬಿದ್ದಿವೆ. ಉಳಿದ 10 ನಮ್ಮ ಹೋಮ್ ಬೋರ್ಡಿನಲ್ಲಿ, ಅಂದರೆ ಕೊನೆಯ ಆರು ಮನೆಗಳಲ್ಲಿ, ಹೀಗೆ ಕೂತಿವೆ: 6ನೇ ಮನೆಯಲ್ಲಿ 2, 5ರಲ್ಲಿ 3, 4ರಲ್ಲಿ 3, 3ರಲ್ಲಿ 2. 2ನೇ ಮನೆ ಖಾಲಿ. 1ನೇ ಮನೆಯಲ್ಲಿ ಕಪ್ಪಿನ ಎರಡು ಕಾಯಿ ಜೋಡಿಯಾಗಿ ಬೀಡುಬಿಟ್ಟಿವೆ, ಅದೇ ಆ್ಯಂಕರ್. ಕಪ್ಪಿನ ಮಿಕ್ಕ 13 ಕಾಯಿಗಳು ಅದರದೇ ಹೋಮ್ ಬೋರ್ಡಿನಲ್ಲಿವೆ: 6, 5, 4ನೇ ಮನೆಗಳಲ್ಲಿ ಮೂರು ಮೂರು, 3 ಮತ್ತು 2ರಲ್ಲಿ ಎರಡೆರಡು. ಐದು ಮನೆ ಕಟ್ಟಿ, 1ನೇ ಮನೆಯೊಂದನ್ನೇ ತೆರೆದಿಟ್ಟಿದೆ. 7 ಅಂಕಗಳ ಪಂದ್ಯ, ಸ್ಕೋರು 5-5, ಪಣ ಏರಿಸುವ ಡಬ್ಲಿಂಗ್ ಕ್ಯೂಬ್ 2ರಲ್ಲಿದೆ, ಅಂದರೆ ಈ ಆಟಕ್ಕೆ 2 ಅಂಕ. ಈ ಆಟ ಗೆದ್ದವರಿಗೆ ಪಂದ್ಯ. ಗ್ಯಾಮನ್ (ಎದುರಾಳಿ ಒಂದು ಕಾಯಿಯನ್ನೂ ಎತ್ತುವ ಮೊದಲೇ ಗೆದ್ದು ಪಡೆಯುವ ದುಪ್ಪಟ್ಟು) ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ.

ನಮಗೆ ಬಿದ್ದ ಗರ 3-1.

ಚೌಕಾಬಾರವನ್ನೋ ಪಗಡೆಯನ್ನೋ ಆಡಿ ಬೆಳೆದವರಿಗೆ ಈ ಆಟದ ಜೀವಾಳ ಬೇಗ ಹಿಡಿಯುತ್ತದೆ: ಒಂಟಿ ಕಾಯಿಗೆ ಹೊಡೆತ ಬೀಳುತ್ತದೆ, ಜೋಡಿ ಕಾಯಿ ಗಟ್ಟಿ. ಹೊಡೆಸಿಕೊಂಡ ಕಾಯಿ ಇಲ್ಲಿ ನಡುವಿನ ಬಾರ್ ಮೇಲೆ ಹೋಗಿ ಕೂರುತ್ತದೆ. ಎದುರಾಳಿಯ ಹೋಮ್ ಬೋರ್ಡಿನಲ್ಲಿ ಜಾಗ ಸಿಕ್ಕಿದರೆ ಒಳಗಿಳಿದು, ಬೋರ್ಡ್ ಪೂರ್ತಿ ಸುತ್ತಿ ಮನೆಗೆ ಬರಬೇಕು. ಅದು ಬರುವವರೆಗೆ ಬೇರೆ ಯಾವ ಕಾಯಿಯನ್ನೂ ಎತ್ತುವಂತಿಲ್ಲ. ಇನ್ನೊಂದು ನಿಯಮವೂ ಈ ಪ್ರಕರಣಕ್ಕೆ ಅಷ್ಟೇ ಮುಖ್ಯ. ಎರಡೂ ದಾಳಗಳನ್ನು ಆಡಲು ಸಾಧ್ಯವಿದ್ದರೆ ಆಡಲೇಬೇಕು. ಈ ಸಲ ಬೇಡ, ಸುಮ್ಮನಿರುತ್ತೇನೆ ಅನ್ನುವ ಹಾಗಿಲ್ಲ. ಆ್ಯಂಕರ್ ಹಾಕಿ ಕೂತವನ ಆಸೆಯೆಲ್ಲ ನಮ್ಮ ಈ ಕಟ್ಟುಪಾಡಿನ ಮೇಲೆಯೇ. ಸರಿಯಾದ ಸಮಯಕ್ಕೆ ಒದಗಿದ 1ನೇ ಮನೆಯ ಆ್ಯಂಕರ್ ಸುಮಾರು ಆರು ಆಟಕ್ಕೆ ಒಂದನ್ನು ಗೆದ್ದುಕೊಡುತ್ತದೆ ಎಂಬುದು ಆಟಗಾರರಲ್ಲಿ ಹಳೆಯ ಅಂದಾಜು. ಆ ಒಂದು ಆಟ ಹುಟ್ಟುವುದು ಬಹುತೇಕ ಇಂಥ ಗರಗಳಲ್ಲೇ.

3-1ನ್ನು ಒಂಟಿ ಕಾಯಿ ಬಿಡದೆ ಆಡಲು ಎರಡೇ ದಾರಿ. ಮೊದಲನೆಯದು, 4ನೇ ಮನೆಯಿಂದ ಒಂದು ಕಾಯಿಯನ್ನು 3ಕ್ಕೆ ಇಳಿಸಿ, 3ರಿಂದ ಒಂದನ್ನು ಎತ್ತುವುದು. ಆಗ 6ರಲ್ಲಿ 2, 5ರಲ್ಲಿ 3, 4ರಲ್ಲಿ 2, 3ರಲ್ಲಿ 2. ಒಟ್ಟು 9 ಕಾಯಿ. ಎರಡನೆಯದು, 6ನೇ ಮನೆಯ ಎರಡೂ ಕಾಯಿಗಳನ್ನು ಕೆಳಗಿಳಿಸಿಬಿಡುವುದು, ಒಂದು 3ಕ್ಕೆ, ಇನ್ನೊಂದು 5ಕ್ಕೆ. ಆಗ 5ರಲ್ಲಿ 4, 4ರಲ್ಲಿ 3, 3ರಲ್ಲಿ 3. ಒಟ್ಟು 10 ಕಾಯಿ. ಒಂದೂ ಹೊರಹೋಗಲಿಲ್ಲ.

ಈ ಸ್ಥಿತಿಯನ್ನು ಹೊಸಬರ ಮುಂದಿಟ್ಟರೆ ಹೆಚ್ಚಿನವರ ಕೈ ತಾನಾಗಿ ಮೊದಲನೆಯದಕ್ಕೇ ಹೋಗುತ್ತದೆ. ಯಾವ ಕಾಯಿಯೂ ಒಂಟಿಯಾಗಿಲ್ಲ, ಮೇಲಾಗಿ ಒಂದು ಕಾಯಿ ಎತ್ತಿದ ಲಾಭ, ಇನ್ನೇನು ಬೇಕು ಎಂಬ ವಾದ. ಈ ಗರದ ಮಟ್ಟಿಗೆ ಆ ವಾದದಲ್ಲಿ ತಪ್ಪಿಲ್ಲ. ಆದರೆ ಈ ಗರದಲ್ಲಿ ನಮಗೆ ಅಪಾಯವೇ ಇರಲಿಲ್ಲ. ನೋಡಬೇಕಾದ್ದು ಮುಂದಿನದನ್ನು.

ಎರಡು ದಾಳಕ್ಕೆ 36 ಬಗೆಯ ಬೀಳುವಿಕೆ. 6-6, 5-5ರಂಥ ಜೋಡಿಗಳು ಆರು, ತಲಾ ಒಂದೊಂದು ಸಲ. ಮಿಕ್ಕ ಹದಿನೈದು ಗರಗಳು ತಲಾ ಎರಡೆರಡು ಸಲ. ಹೀಗಾಗಿ 21 ಗರಗಳನ್ನು ಒಮ್ಮೆ ಮನಸ್ಸಿನಲ್ಲಿ ಆಡಿ ನೋಡಿದರೆ ಲೆಕ್ಕ ಮುಗಿಯಿತು. ಗಡಿಯಾರ ಇಟ್ಟು ಆಡುವ ಪಂದ್ಯದಲ್ಲೂ ಇಷ್ಟಕ್ಕೆ ಸಮಯ ಸಿಗುತ್ತದೆ.

ಮೊದಲು ಕಾಯಿ ಎತ್ತಿದ ಸ್ಥಿತಿಯನ್ನೇ ನೋಡೋಣ: 6ರಿಂದ ಕೆಳಕ್ಕೆ 2, 3, 2, 2. ಮುಂದಿನ ಸಲ 6-5 ಬಿತ್ತು ಅನ್ನಿ. 6ಕ್ಕೆ 6ನೇ ಮನೆಯದೊಂದು ಹೊರಗೆ. 5ಕ್ಕೆ? 6ರಲ್ಲಿ ಉಳಿದ ಒಂಟಿಯನ್ನು ಐದು ಹೆಜ್ಜೆ ಇಳಿಸೋಣ ಅಂದರೆ 1ನೇ ಮನೆಯಲ್ಲಿ ಕಪ್ಪಿನ ಜೋಡಿ ಕೂತಿದೆ, ಕಾಲಿಡುವಂತಿಲ್ಲ. 5ನೇ ಮನೆಯದನ್ನೇ ಎತ್ತಬೇಕು. 6ರಲ್ಲಿ ಒಂಟಿ ಕಾಯಿ ಹಾಗೇ ನಿಂತಿತು. 5-4 ಬಿದ್ದರೆ 5ರಿಂದ ಒಂದು, 4ರಿಂದ ಒಂದು ಹೊರಗೆ, 4ರಲ್ಲಿ ಒಂಟಿ. 5-3, 5-2, 5-1 ಯಾವುದು ಬಿದ್ದರೂ 5ಕ್ಕೆ ಒಂದನ್ನು ಎತ್ತಿದ ಕೂಡಲೇ ನಾಲ್ಕು ಮನೆಯಲ್ಲೂ ಎರಡೆರಡೇ ಕಾಯಿ ಉಳಿಯುತ್ತವೆ. ಮತ್ತೆ ಯಾವ ಕಾಯಿ ಮುಟ್ಟಿದರೂ ಒಂದು ಜೋಡಿ ಒಡೆಯಿತು. 6-4, 4-3, 4-2ರಲ್ಲೂ ಇದೇ ಪಾಡು. 6-6 ಬಿದ್ದರಂತೂ ನಾಲ್ಕು ಕಾಯಿ ಹೊರಹೋಗಿ 5ನೇ ಮನೆಯಲ್ಲಿ ಒಂದು ಮಿಗುತ್ತದೆ. ಎಂಟು ಗರ ಎರಡೆರಡು ಸಲ, ಜೊತೆಗೆ 6-6. 36ರಲ್ಲಿ 17.

ಇನ್ನು 6ನೇ ಮನೆ ಖಾಲಿ ಮಾಡಿದ ಸ್ಥಿತಿ: 5ರಿಂದ ಕೆಳಕ್ಕೆ 4, 3, 3. ಇಲ್ಲಿ 6 ಬಿದ್ದರೂ 5 ಬಿದ್ದರೂ ಕೆಲಸ ಒಂದೇ, 5ನೇ ಮನೆಯಿಂದ ಒಂದನ್ನು ಎತ್ತುವುದು. 6-5ಕ್ಕೆ ಎರಡು ಹೋದರೂ ಅಲ್ಲಿ ಎರಡು ಉಳಿಯುತ್ತವೆ. 4ಕ್ಕೆ 4ನೇ ಮನೆಯದು, 3ಕ್ಕೆ 3ನೇ ಮನೆಯದು. 2 ಬಿದ್ದರೆ 5ರಿಂದ 3ಕ್ಕೆ, 1 ಬಿದ್ದರೆ 5ರಿಂದ 4ಕ್ಕೆ ಇಳಿಕೆ. 3-3 ಒಂದು ನೋಡಲು ಹೆದರಿಸುತ್ತದೆ, ಆದರೆ 5ನೇ ಮನೆಯ ನಾಲ್ಕನ್ನೂ 2ಕ್ಕೆ ಇಳಿಸಿಬಿಟ್ಟರೆ ಅದೂ ಕ್ಷೇಮ. 4-4ಕ್ಕೆ ಮೂರು ಕಾಯಿ ಎತ್ತಿದ ಮೇಲೆ ನಾಲ್ಕನೆಯದಕ್ಕೆ ನಡೆಯೇ ಇಲ್ಲ; 5ರಿಂದ ನಾಲ್ಕು ಹೆಜ್ಜೆ ಇಳಿದರೆ ಆ್ಯಂಕರ್ ಅಡ್ಡ. ಎದುರಾಳಿಯ ಆ್ಯಂಕರ್ ನಮ್ಮನ್ನೇ ಕಾಯುವ ಅಪರೂಪದ ಘಳಿಗೆ ಅದು. 21 ಗರಗಳನ್ನೂ ಒಂದೊಂದಾಗಿ ಆಡಿ ನೋಡಿ, ಒಂಟಿ ಬಿಡಿಸುವ ಗರ ಒಂದೂ ಇಲ್ಲ.

17 ಒಂದು ಕಡೆ, ಸೊನ್ನೆ ಇನ್ನೊಂದು ಕಡೆ. ಈಗಷ್ಟೇ ಎರಡೂ ಸಮ ಎನಿಸಿದ ನಡೆಗಳಿವು.

ಕಾರಣ ಬಿಡಿ ಕಾಯಿಗಳಲ್ಲಿದೆ. ಒಂದು ಮನೆ ಭದ್ರವಾಗಿರಲು ಎರಡು ಕಾಯಿ ಸಾಕು, ಅದಕ್ಕಿಂತ ಹೆಚ್ಚಿನವು ಬಿಡಿ. ಗರ ನುಂಗುವುದು ಈ ಬಿಡಿ ಕಾಯಿಗಳೇ. 9 ಕಾಯಿಗಳನ್ನು ನಾಲ್ಕು ಮನೆಯಲ್ಲಿ ಹರಡಿದರೆ ಎಂಟು ಕಾವಲಿಗೆ ಹೋಗಿ ಬಿಡಿಯಾಗಿ ಉಳಿಯುವುದು ಒಂದೇ ಒಂದು. 10 ಕಾಯಿಗಳನ್ನು ಮೂರು ಮನೆಯಲ್ಲಿ ಒಟ್ಟಿದರೆ ಆರು ಕಾವಲಿಗೆ, ನಾಲ್ಕು ಬಿಡಿ. ಕಾಯಿ ಎತ್ತಿದವರು ಒಂದು ಬಿಡಿ ಕಾಯಿಯನ್ನು ಖರ್ಚು ಮಾಡಿದರು, ಕಾಯಬೇಕಾದ ಮನೆಗಳನ್ನು ಮಾತ್ರ ನಾಲ್ಕರಲ್ಲೇ ಇಟ್ಟುಕೊಂಡರು.

ಇಂಥ ಕಡೆ ಹಲವರು ಒಪ್ಪಿಸುವ ಸೂತ್ರವೊಂದಿದೆ: ಮೇಲಿನ ಎರಡು ಮನೆಗಳಲ್ಲಿ ಒಟ್ಟು ಸಮಸಂಖ್ಯೆಯ ಕಾಯಿ ಇರಲಿ. ಇಲ್ಲಿ ಅದು ಬಾಯಿ ಬಿಡುವುದಿಲ್ಲ. ಕಾಯಿ ಎತ್ತಿದರೆ ಮೇಲಿನೆರಡರಲ್ಲಿ 5, ಮನೆ ಬಿಟ್ಟರೆ 7. ಎರಡೂ ಬೆಸ. ಸೂತ್ರವನ್ನಷ್ಟೇ ನಂಬಿದವರಿಗೆ 17ಕ್ಕೂ ಸೊನ್ನೆಗೂ ಇರುವ ಅಂತರ ಕಾಣುವುದೇ ಇಲ್ಲ.

ಒಂಟಿ ಬಿಟ್ಟ ಮಾತ್ರಕ್ಕೆ ಹೊಡೆತ ಬಿದ್ದಂತಲ್ಲ, ಅದೂ ಲೆಕ್ಕಕ್ಕೆ ಬರಬೇಕು. 5-4 ಬಿದ್ದು 4ನೇ ಮನೆಯಲ್ಲಿ ಒಂಟಿ ಉಳಿದ ಚಿತ್ರವನ್ನೇ ಹತ್ತಿರದಿಂದ ನೋಡಿ. 1ನೇ ಮನೆಯ ಕಪ್ಪಿಗೆ ಅದು ಮೂರು ಹೆಜ್ಜೆ ದೂರ. ಯಾವುದೇ ದಾಳದಲ್ಲಿ 3 ಬಿದ್ದರೆ ಹೊಡೆತ, ಅಂಥವು 11. 2-1 ಬಿದ್ದರೆ? ಮೊದಲು 2 ಆಡಿದರೆ 3ನೇ ಮನೆಯಲ್ಲಿ ನಮ್ಮ ಜೋಡಿ ತಡೆಯುತ್ತದೆ. ಮೊದಲು 1 ಆಡಿದರೆ 2ನೇ ಮನೆ ಖಾಲಿ ಇದೆಯಲ್ಲ, ಅಲ್ಲಿ ಕಾಲೂರಿ ಮುಂದಿನ ಎರಡು ಹೆಜ್ಜೆಗೆ ಹೊಡೆಯುತ್ತದೆ. ಅವೆರಡು ಸೇರಿ 13. 1-1ಕ್ಕೆ 3ನೇ ಮನೆಯೇ ಅಡ್ಡಿ. ನಮ್ಮ 2ನೇ ಮನೆಯ ಆ ಖಾಲಿ ಜಾಗ ಹೀಗೆ ಮತ್ತೆ ಮತ್ತೆ ಕಪ್ಪಿಗೆ ಮೆಟ್ಟಿಲಾಗುತ್ತದೆ. 6-4, 4-3, 4-2ಕ್ಕೆ ಒಂಟಿಯನ್ನು 2ನೇ ಮನೆಯಲ್ಲಿ ಬಿಟ್ಟರೆ 1 ಬಿದ್ದರಷ್ಟೇ ಪೆಟ್ಟು, ಅಂದರೆ 11. 5-3ಕ್ಕೆ 12. ಉಳಿದವಕ್ಕೆ 13. ಪ್ರತಿ ಸಲವೂ ಕಡಿಮೆ ಹೊಡೆತದ ನಡೆಯನ್ನೇ ಆರಿಸಿಕೊಂಡರೂ, ಎಲ್ಲ ಕೂಡಿಸಿದಾಗ 36 × 36 = 1,296ರಲ್ಲಿ 207. ಆ್ಯಂಕರ್ ಹಾಗೇ ಉಳಿದಿದ್ದರೆ, ಮುಂದಿನ ಒಂದೇ ಸುತ್ತಿನಲ್ಲಿ ನೂರಕ್ಕೆ 16 ಸಲ ನಮ್ಮ ಕಾಯಿ ಬಾರ್ ಮೇಲಿರುತ್ತದೆ.

ಬಾರ್ ಮೇಲೆ ಹೋದರೆ ಗತಿ ಏನು? ಕಪ್ಪಿನ ಹೋಮ್ ಬೋರ್ಡಿನಲ್ಲಿ ತೆರೆದಿರುವುದು 1ನೇ ಮನೆಯೊಂದೇ. 36ರಲ್ಲಿ 11 ಸಲ ಮಾತ್ರ ಒಳಗಿಳಿಯಬಹುದು, ಇಳಿದರೂ ಐದು ಮನೆಗಳ ಗೋಡೆಯ ಹಿಂದೆ ಬಂದಿ. ನಾವು ಹತ್ತು ಕಾಯಿ ಎತ್ತಿದ ಮೇಲೆ ಒಂದು ಕಾಯಿ ಹೀಗೆ ಪೂರ್ತಿ ಸಿಕ್ಕಿಬಿದ್ದರೆ ಆಟ ಹೆಚ್ಚುಕಡಿಮೆ ಸಮಬಲದ್ದು. 6-6 ಒಂದನ್ನು ಬಿಟ್ಟರೆ, ಆ ಹೊತ್ತಿಗೆ ನಾವು ಎತ್ತಿರುವುದು ಆರರಿಂದ ಎಂಟು. ಆಗ ಹೊಡೆದವನದೇ ಬಲವಾದ ಮೇಲುಗೈ.

ಇಷ್ಟು ಹೇಳಿದಾಗ ಚುರುಕಾದವರು ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೂ ಹೌದು. 6ನೇ ಮನೆ ಬಿಟ್ಟವರಿಗೂ ಮುಂದೆ 5ನೇ ಮನೆ ಬಿಡುವ ಕಷ್ಟ ಇದ್ದೇ ಇದೆಯಲ್ಲ? ಅಪಾಯ ತಪ್ಪಿತೋ, ಬರೀ ಮುಂದಕ್ಕೆ ಹೋಯಿತೋ? ಉದಾಹರಣೆಗೆ, ಮನೆ ಬಿಟ್ಟ ಮೇಲೆ 6-5 ಬಿದ್ದು ಎರಡು ಕಾಯಿ ಎತ್ತಿದೆವು ಅನ್ನಿ. ಉಳಿದದ್ದು 2, 3, 3. ಅಲ್ಲಿ ಎಣಿಸಿದರೆ ಒಂಟಿ ಬಿಡಿಸುವ ಗರ ಮತ್ತೆ 17. ಹಾಗಾದರೆ ಗಳಿಸಿದ್ದೇನು?

ಗಳಿಸಿದ್ದು ಒಂದು ಸುತ್ತು. ಈ ಆಟದಲ್ಲಿ ಒಂದು ಸುತ್ತು ಎಂದರೆ ಸಣ್ಣದಲ್ಲ, ಏಕೆಂದರೆ ಆಡಲೇಬೇಕೆಂಬ ಕಟ್ಟುಪಾಡು ಕಪ್ಪಿಗೂ ಇದೆ.

ಕಪ್ಪಿನ ಕಡೆಗೆ ಹೋಗಿ ಕೂತು ನೋಡಿ. 13 ಕಾಯಿ ಹೋಮ್ ಬೋರ್ಡಿನಲ್ಲಿವೆ. ಎರಡು ಕಾಯಿ ಹೊರಗಿರುವುದರಿಂದ ಒಂದನ್ನೂ ಎತ್ತುವಂತಿಲ್ಲ. 6 ಬಿದ್ದರೆ ಒಳಗೆ ಆಡಲು ಜಾಗವೇ ಇಲ್ಲ. 6 ಹೆಜ್ಜೆ ಹೋಗಬಲ್ಲವು ಆ್ಯಂಕರಿನ ಕಾಯಿಗಳು ಮಾತ್ರ, ಅವು ಹೋಗಿ ಇಳಿಯುವ ನಮ್ಮ 7ನೇ ಮನೆ ಯಾವಾಗಲೂ ಖಾಲಿ. ಅಂದರೆ ಕಪ್ಪಿಗೆ 6 ಬಿದ್ದ ಕ್ಷಣ, ಇಷ್ಟವಿರಲಿ ಬಿಡಲಿ, ಆ್ಯಂಕರ್ ಒಡೆಯುತ್ತದೆ. ಪ್ರತಿ ಗರಕ್ಕೆ 36ರಲ್ಲಿ 11. ನಾವು ಕಾಯಿ ಎತ್ತುವ ನಡೆ ಆಡಿದರೆ, ನಮ್ಮ ಅಪಾಯದ ಗರಕ್ಕೆ ಮುಂಚೆ ಕಪ್ಪು ಒಂದು ಸಲ ದಾಳ ಹಾಕುತ್ತದೆ; ಆ್ಯಂಕರ್ ಒಡೆಯುವ ಸಂಭವ ನೂರಕ್ಕೆ 31. ಮನೆ ಬಿಡುವ ನಡೆ ಆಡಿದರೆ ಕಪ್ಪು ಎರಡು ಸಲ ಹಾಕುತ್ತದೆ. ಎರಡರಲ್ಲಿ ಒಮ್ಮೆಯಾದರೂ 6 ಬೀಳುವ ಸಂಭವ ನೂರಕ್ಕೆ 52ರಷ್ಟು. ಅರ್ಧಕ್ಕಿಂತ ಹೆಚ್ಚು ಸಲ ನಾವು ತಲೆಕೆಡಿಸಿಕೊಳ್ಳುವ ಹೊತ್ತಿಗೆ ಆ್ಯಂಕರ್ ಜೋಡಿಯಾಗಿ ಉಳಿದಿರುವುದೇ ಇಲ್ಲ. ಉಳಿದ ಒಂಟಿ ಕಪ್ಪು ಹೊಡೆಯಬಲ್ಲದು ನಿಜ, ಆದರೆ ನಮ್ಮ ದಾರಿಗೆ ಅಡ್ಡ ನಿಲ್ಲಲಾರದು. 6ರಿಂದ, 5ರಿಂದ 1ಕ್ಕೆ ಇಳಿಯುವ ನಡೆಗಳೆಲ್ಲ ಮತ್ತೆ ತೆರೆದುಕೊಳ್ಳುತ್ತವೆ.

6 ಬೀಳದಿದ್ದರೂ ಕಪ್ಪಿಗೆ ಸುಖವಿಲ್ಲ. ಅದಕ್ಕಿರುವ ಬಿಡಿ ಕಾಯಿ ಮೂರೇ, 6, 5, 4ನೇ ಮನೆಗಳಲ್ಲಿ ಒಂದೊಂದು. ಮೊದಲ ಗರದಲ್ಲಿ 5-4, 5-3 ಅಥವಾ 4-3 ಬಿದ್ದರೆ ಅದಕ್ಕೆ ಹಬ್ಬ: ಎರಡು ಬಿಡಿ ಕಾಯಿಗಳು ಸೀದಾ 1ನೇ ಮನೆಗೆ ಬಂದು ಕೂತು ಆರೂ ಮನೆ ಮುಚ್ಚಿಕೊಳ್ಳುತ್ತವೆ. ಕಾಯಿ ಎತ್ತುವ ನಡೆ ಆಡಿದವರು ಈ ಬೋರ್ಡಿನ ಎದುರಿಗೇ ಒಂಟಿ ಬಿಡಬೇಕಾಗಿ ಬರುವುದು ನೆನಪಿರಲಿ. ಆದರೆ ಮರುಗರದ ಹೊತ್ತಿಗೆ ಅದರ ಬಳಿ ಬಿಡಿ ಕಾಯಿ ಒಂದೇ. ಎರಡು ದಾಳ ಆಡಬೇಕು, ಮನೆ ಒಡೆಯತೊಡಗುತ್ತದೆ. ನಮ್ಮ ಬಳಿ ನಾಲ್ಕು ಬಿಡಿ ಕಾಯಿ, ಅವರ ಬಳಿ ಮೂರು. ಯಾರ ಬಿಡಿ ಕಾಯಿ ಮೊದಲು ಮುಗಿಯುತ್ತದೆ ಎಂಬ ಜಗ್ಗಾಟವೇ ಈ ಇಡೀ ಸ್ಥಿತಿ.

ಮನೆ ಬಿಟ್ಟು ಒಂದು ಸುತ್ತು ಗಳಿಸಿದ ಮೇಲೂ ಆ ಗಳಿಕೆಯನ್ನು ಕೈಯಾರೆ ಚೆಲ್ಲಬಹುದು. ಮುಂದಿನ ಗರ 5-1 ಬಿತ್ತು ಅನ್ನಿ, 6-1 ಆದರೂ ಅದೇ. 5ನೇ ಮನೆಯಿಂದ ಒಂದನ್ನು ಎತ್ತುವುದರಲ್ಲಿ ಆಯ್ಕೆಯಿಲ್ಲ. 1ನ್ನು ಎಲ್ಲಿ ಆಡುವುದು ಎಂಬುದೇ ಪ್ರಶ್ನೆ. 5ರಿಂದ 4ಕ್ಕೆ ಇಳಿಸಿದರೆ 2, 4, 3. 4ರಿಂದ 3ಕ್ಕೆ ಇಳಿಸಿದರೆ 3, 2, 4. ಎರಡರಲ್ಲೂ 9 ಕಾಯಿ, ಮೂರು ಬಿಡಿ ಕಾಯಿ, ಒಂಟಿ ಇಲ್ಲ. 5ನೇ ಮನೆಯಲ್ಲಿ ಮೂರು ಇಟ್ಟುಕೊಳ್ಳುವುದೇ ಬಲ ಎಂದು ತೋರುತ್ತದೆ. ಎಣಿಸಿ ನೋಡಿ. 2, 4, 3ಕ್ಕೆ ಕಂಟಕವಾಗುವುದು 6-4, 6-3, 5-4, 5-3, 4-2, 3-2 ಮತ್ತು 3-3, ಒಟ್ಟು 13. 3, 2, 4ಕ್ಕೆ 6-5, 6-4, 6-2, 6-1, 5-4, 5-2, 5-1, 4-3, 4-2, ಮೇಲೆ 6-6 ಮತ್ತು 5-5, ಒಟ್ಟು 20. ದೊಡ್ಡ ಗರಗಳೆಲ್ಲ 5ನೇ ಮನೆಯನ್ನೇ ಕೀಳುವುದರಿಂದ ಅಲ್ಲಿ ಬೆಸ ಇದ್ದರೆ ಒಂದು ಹಿಂದುಳಿಯುತ್ತದೆ, 4ರಲ್ಲಿರುವ ಎರಡರಿಂದ ನೆರವಿಗೆ ಬರಲು ಬಿಡಿ ಕಾಯಿಯೂ ಇಲ್ಲ. ಸಮಸಂಖ್ಯೆಯ ಸೂತ್ರ ಇಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ: ಮೇಲಿನೆರಡರಲ್ಲಿ ಒಂದು ಕಡೆ 6, ಇನ್ನೊಂದು ಕಡೆ 5.

(3, 2, 4ರಲ್ಲಿ 2-1 ಕೂಡ ಕೆಟ್ಟದ್ದು ಎಂದು ಅವಸರದಲ್ಲಿ ಬರೆದುಕೊಳ್ಳುವವರಿದ್ದಾರೆ. ಅಲ್ಲ. 3ರಿಂದ 2ಕ್ಕೆ ಇಳಿಸಿ, ಅದನ್ನೇ 2ರಿಂದ ಎತ್ತಿದರೆ 3, 2, 3 ಕ್ಷೇಮವಾಗಿ ಉಳಿಯುತ್ತದೆ. ಒಂದೇ ಕಾಯಿ ಎರಡೂ ದಾಳ ಆಡಬಹುದೆಂಬುದು ಎಣಿಕೆಯಲ್ಲಿ ಮೊದಲು ಕಣ್ತಪ್ಪುವ ಸಂಗತಿ.)

ಸ್ಕೋರು ಬದಲಾದರೆ? 5-5ರಲ್ಲಿ ಗ್ಯಾಮನ್‌ಗೆ ಬೆಲೆಯಿಲ್ಲದ್ದರಿಂದ ಉತ್ತರ ಸುಲಭವಾಯಿತು. ಅಂಕಕ್ಕಿಷ್ಟು ಎಂದು ಹಣಕ್ಕೆ ಆಡುವಾಗ ಗ್ಯಾಮನ್ ದುಪ್ಪಟ್ಟು ತರುತ್ತದೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಡಬ್ಲಿಂಗ್ ಕ್ಯೂಬ್ ಬಂದ ಮೇಲೆ ಅದರ ಬೆಲೆ ಇನ್ನೂ ಏರಿತು. ಆಗ ಎತ್ತಿದ ಒಂದು ಕಾಯಿಗೆ ತೂಕವಿಲ್ಲವೇ?

ಇದೆ, ಆದರೆ ಕಣ್ಣಿಗೆ ಕಾಣುವಷ್ಟಿಲ್ಲ. ಪ್ರತಿ ಗರಕ್ಕೆ ಎರಡರಂತೆ ಎತ್ತಿದರೆ 10 ಕಾಯಿಗೂ ಐದು ಗರ ಬೇಕು, 9 ಕಾಯಿಗೂ ಐದೇ ಗರ ಬೇಕು. 9 ಇರುವವರಿಗೆ ಒಂದು ತಪ್ಪಿದರೂ ನಡೆಯುತ್ತದೆ, ಅಷ್ಟೇ ಅನುಕೂಲ. ಅದರಲ್ಲೂ ಸ್ವಲ್ಪ ಸೋರಿಹೋಗುತ್ತದೆ: ಎರಡೂ ಸ್ಥಿತಿಯಲ್ಲಿ ಪಿಪ್ ಎಣಿಕೆ, ಅಂದರೆ ಎಲ್ಲ ಕಾಯಿ ಹೊರಹೋಗಲು ಬೇಕಾದ ಒಟ್ಟು ಹೆಜ್ಜೆ, 41. ಕಾಯಿ ಎತ್ತಿದವರ ಎರಡು ಕಾಯಿ ಇನ್ನೂ 6ನೇ ಮನೆಯಲ್ಲೇ ಇವೆ, ಮುಂದೆ ಸಣ್ಣ ಗರಗಳನ್ನು ಅವುಗಳನ್ನು ಇಳಿಸಲು ಸುರಿಯಬೇಕು. ಅತ್ತ ಕಪ್ಪು ಗ್ಯಾಮನ್ ತಪ್ಪಿಸಿಕೊಳ್ಳಲು ಎರಡು ಕಾಯಿಗಳನ್ನು ತಲಾ 18 ಪಿಪ್ ಓಡಿಸಿ, ಒಂದನ್ನಾದರೂ ಎತ್ತಬೇಕು. ಸರಾಸರಿ ಗರ 8 ಪಿಪ್‌ಗಿಂತ ಚೂರು ಹೆಚ್ಚು. ಅದಕ್ಕೂ ಐದು ಗರದಷ್ಟು ಬೇಕು. ಆ್ಯಂಕರ್ ಹಿಡಿದು ಕೂತಷ್ಟೂ ಅದು ಗ್ಯಾಮನ್ ಕಡೆಗೇ ಜಾರುತ್ತದೆ. ನಾವು ಕ್ಷೇಮವಾಗಿದ್ದುಕೊಂಡೂ ಗ್ಯಾಮನ್ ಆಸೆ ಕಳೆದುಕೊಂಡಿಲ್ಲ.

ನೂರಕ್ಕೆ 16 ಹೊಡೆತಗಳಲ್ಲಿ ಕಪ್ಪು ಮುಕ್ಕಾಲು ಪಾಲು ಗೆಲ್ಲುತ್ತದೆ ಎಂದು ಉದಾರವಾಗಿ ಹಿಡಿದರೂ 12 ಆಟ ಕೈಜಾರಿತು. ಹಣದ ಆಟದಲ್ಲಿ ಕಳೆದುಕೊಂಡ ಒಂದು ಗೆಲುವನ್ನು ತುಂಬಿಕೊಡಲು ಎರಡು ಹೊಸ ಗ್ಯಾಮನ್ ಬೇಕು. ಅಂದರೆ ಆ ಅರ್ಧ ಗರದ ಅನುಕೂಲ ನೂರಕ್ಕೆ 24 ಗ್ಯಾಮನ್ ಹೆಚ್ಚಿಸಬೇಕು. ಅದರ ಕೈಲಾಗದು. 7 ಅಂಕದ ಪಂದ್ಯದಲ್ಲಿ ನಾವು 3, ಕಪ್ಪು 5, ಕ್ಯೂಬ್ 2ರಲ್ಲಿದ್ದರೆ ಲೆಕ್ಕ ಬಿಗಿಯಾಗುತ್ತದೆ: ಗ್ಯಾಮನ್ ಆದರೆ ಪಂದ್ಯ ನಮ್ಮದು, ಬರೀ ಗೆದ್ದರೆ 5-5, ಸೋತರೆ ಮನೆಗೆ. ಒಂದು ಗ್ಯಾಮನ್‌ಗೂ ಒಂದು ಗೆಲುವಿಗೂ ಅಲ್ಲಿ ಸರಿಸಮ ಬೆಲೆ, 12ಕ್ಕೆ 12 ಸಾಕು. ಆ ಸ್ಕೋರಿನಲ್ಲಿ ನಾನೂ ಸ್ವಲ್ಪ ಹೊತ್ತು ಯೋಚಿಸುತ್ತೇನೆ, ಆಮೇಲೆ ಈ ಐದು ಮನೆಗಳ ಬೋರ್ಡಿನ ಎದುರು 6ನೇ ಮನೆಯನ್ನೇ ಬಿಡುತ್ತೇನೆ.

ಜಿಎನ್‌ಯು ಬ್ಯಾಕ್‌ಗ್ಯಾಮನ್‌ನಂಥ ಪ್ರೋಗ್ರಾಂ ಇದ್ದವರು ಎರಡೂ ಸ್ಥಿತಿಗಳನ್ನು ಹಾಕಿ ಪರೀಕ್ಷಿಸಬಹುದು. ಒಂದು ಎಚ್ಚರಿಕೆ: ಎದುರಾಳಿಯ ಕಾಯಿ ದಾಟಿಹೋಗಿ ಬರೀ ಓಟ ಉಳಿದ ಮೇಲೆ ಅದು ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕ ನೋಡಿ ಹೇಳುತ್ತದೆ, ಆ್ಯಂಕರ್ ಇರುವಾಗ ಆ ಕೋಷ್ಟಕ ಬಳಕೆಗೆ ಬರುವುದಿಲ್ಲ. ಅಂದಾಜಿನ ಅಂಕಿಗೆ ತೃಪ್ತರಾಗದೆ, ಅದೇ ಸ್ಥಿತಿಯಿಂದ ಸಾವಿರಾರು ಸಲ ಆಟ ಆಡಿಸಿ ನೋಡುವುದು ಒಳ್ಳೆಯದು. ಹಾಗೆ ಆಡಿಸುವಾಗ ಕಪ್ಪಿನ ಬೋರ್ಡನ್ನೂ ಬದಲಿಸಿ ನೋಡಿ. ಅದರ 6 ಮತ್ತು 5ನೇ ಮನೆಗಳು ಒಡೆದು, ಕಾಯಿಗಳೆಲ್ಲ 1, 2, 3ರಲ್ಲಿ ರಾಶಿ ಬಿದ್ದಿವೆ, ನಮಗೆ ಗ್ಯಾಮನ್ ಬೇಕೇ ಬೇಕು ಎಂದಿಟ್ಟುಕೊಳ್ಳಿ. ಆಗ ಹೊಡೆತ ಬಿದ್ದರೂ ನಮ್ಮ ಕಾಯಿ ಸಲೀಸಾಗಿ ಒಳಗಿಳಿದು ಸುತ್ತಿ ಬರುತ್ತದೆ. ಅಲ್ಲಿ 4ರಿಂದ 3ಕ್ಕೆ ಇಳಿಸಿ ಒಂದನ್ನು ಎತ್ತುವವರ ಜೊತೆ ನನಗೆ ಜಗಳವಿಲ್ಲ.